‘ಅಸ್ಕಾನ್ಸ್’: ಊರು ತಿಳಿಯದ ಓರೆನೋಟ

ಸರ್ಕಾರದ ಹೊಸ ಯೋಜನೆಯನ್ನು ತಜ್ಞರು ಅನುಮಾನದಿಂದ ಕಂಡರೆ, ಅವರು ಅದನ್ನು ‘ಲುಕ್ ಅಸ್ಕಾನ್ಸ್’ ಮಾಡಿದರು ಎಂದು ಇಂಗ್ಲಿಷ್ ಪತ್ರಿಕೆಗಳು ಬರೆಯುತ್ತವೆ. ಹೀಗೆ ನೋಡುವವರು ಕತ್ತು ತಿರುಗಿಸಬೇಕಿಲ್ಲ, ಕಣ್ಣು ಓರೆ ಮಾಡಬೇಕಿಲ್ಲ. ಒಳಗೊಳಗೆ ಶಂಕೆಯಿದ್ದರೆ ಸಾಕು.

ಮೊದಮೊದಲು ಈ ಪದಕ್ಕೆ ಶಂಕೆಯ ಸೋಂಕಿರಲಿಲ್ಲ. ಎಂಟನೇ ಹೆನ್ರಿಯ ತಂಗಿ ಮೇರಿಗೆ ಫ್ರೆಂಚ್ ಹೇಳಿಕೊಟ್ಟ ಮೇಷ್ಟ್ರು ಜಾನ್ ಪಾಲ್ಸ್‌ಗ್ರೇವ್. ಇಂಗ್ಲಿಷರಿಗೆ ಫ್ರೆಂಚ್ ಕಲಿಸಲು 1530ರಲ್ಲಿ ಆತ ಹೊರತಂದ ಭಾರೀ ಗ್ರಂಥದಲ್ಲಿ ‘ಅ ಸ್ಕಾಂಚ್’ ಎಂಬ ರೂಪ ಸಿಗುತ್ತದೆ. ಅಲ್ಲಿ ಅದರ ಅರ್ಥ ಅಡ್ಡವಾಗಿ, ಓರೆಗಣ್ಣಿನಿಂದ ಎಂದಷ್ಟೇ.

ಅದರಾಚೆಗಿನ ಜಾಡು ಮಸುಕು. ಇಟಾಲಿಯನ್ ಭಾಷೆಯ ‘ಅ ಸ್ಕಾಂಚೊ’ ಇದರ ತಾಯಿ ಎಂದು ಕೆಲವರು ಊಹಿಸಿದರು. ಓರೆ ಎಂಬರ್ಥದ ಡಚ್ ಪದದತ್ತ ಇನ್ನು ಕೆಲವರು ಬೆರಳು ತೋರಿದರು. ಚಾಸರ್‌ನ ‘ಕ್ಯಾಂಟರ್‌ಬರಿ ಟೇಲ್ಸ್’ನಲ್ಲೂ ಇದೇ ದನಿಯ ಪದವೊಂದಿದೆ, ಆದರೆ ಅದರ ಅರ್ಥ ‘ಎಂಬಂತೆ’. ನಿಘಂಟುಕಾರರು ಇಂದಿಗೂ ‘ಮೂಲ ಅನಿಶ್ಚಿತ’ ಎಂದೇ ಬರೆಯುತ್ತಾರೆ.

ಹುಟ್ಟೂರು ಗೊತ್ತಿಲ್ಲದಿದ್ದರೂ ಕವಿಗಳು ಇದನ್ನು ಕೈಬಿಡಲಿಲ್ಲ. ಷೇಕ್ಸ್‌ಪಿಯರ್ 1594ರ ‘ದ ರೇಪ್ ಆಫ್ ಲುಕ್ರೀಸ್’ ಕಾವ್ಯದಲ್ಲಿ ಇದನ್ನು ಕ್ರಿಯಾಪದವಾಗಿಯೇ ಬಳಸಿದ: ತಮ್ಮ ತಪ್ಪು ಕಾಣದಂತೆ ಕಣ್ಣನ್ನು ಬೇರೆಡೆ ಹೊರಳಿಸುವವರ ಬಗ್ಗೆ. 1667ರಲ್ಲಿ ಪ್ರಕಟವಾದ ಮಿಲ್ಟನ್‌ನ ‘ಪ್ಯಾರಡೈಸ್ ಲಾಸ್ಟ್’ನ ನಾಲ್ಕನೇ ಕಾಂಡದಲ್ಲಂತೂ ಈ ಪದಕ್ಕೆ ತಕ್ಕ ನೋಟಗಾರನೇ ಸಿಕ್ಕ. ಈಡನ್ ತೋಟದಲ್ಲಿ ಆಡಮ್ ಮತ್ತು ಈವ್ ಅಪ್ಪಿಕೊಂಡಿರುವುದನ್ನು ಸೈತಾನ ‘ಅಸ್ಕಾನ್ಸ್’ ಆಗಿ ನೋಡುತ್ತಾನೆ. ಆಸುಪಾಸಿನ ಸಾಲುಗಳಲ್ಲೇ ‘ಎನ್ವಿ’, ‘ಲೀರ್’ ಪದಗಳೂ ಇವೆ. ಹೊಟ್ಟೆಕಿಚ್ಚು ಎಂಬರ್ಥದ ‘ಎನ್ವಿ’ ಬಂದದ್ದು ಲ್ಯಾಟಿನ್‌ನಿಂದ. ಅದರ ಬೇರಿನಲ್ಲಿರುವುದೂ ಕೆಟ್ಟ ಕಣ್ಣಿನಿಂದ ನೋಡುವ ಕ್ರಿಯೆಯೇ. ‘ಲೀರ್’ ಬಹುಶಃ ಕೆನ್ನೆ ಎಂಬರ್ಥದ ಹಳೆಯ ಇಂಗ್ಲಿಷ್ ಪದದಿಂದ ಹುಟ್ಟಿದ್ದು. ಕೆನ್ನೆಯ ಮೇಲಿಂದ ಹಾಯುವ ಓರೆನೋಟವೆಂದಷ್ಟೇ ಇದ್ದದ್ದು ಬರಬರುತ್ತಾ ಕಾಮುಕ ದೃಷ್ಟಿಯಾಯಿತು.

ಈ ಬಳಗದಲ್ಲಿ ಕೆಟ್ಟ ಹೆಸರಿನಿಂದ ಬಹುಮಟ್ಟಿಗೆ ಪಾರಾದದ್ದು ‘ಸ್ಕ್ವಿಂಟ್’. 13ನೇ ಶತಮಾನದಲ್ಲೇ ಇದ್ದ ‘ಅಸ್ಕ್ವಿಂಟ್’ ತಲೆಯಕ್ಷರ ಕಳಚಿ ‘ಸ್ಕ್ವಿಂಟ್’ ಆಯಿತು. ಮೆಳ್ಳಗಣ್ಣಿನ ಹೆಸರಾಗಿ ಇಂದು ಕಣ್ಣಿನ ಡಾಕ್ಟರ ಚೀಟಿಯಲ್ಲಿದೆ. ಅದೇ ದೋಷಕ್ಕೆ ಗ್ರೀಕ್ ಮೂಲದಿಂದ ಬಂದ ಹೆಸರು ‘ಸ್ಟ್ರಾಬಿಸ್ಮಸ್’. ಭೂಗೋಳಜ್ಞ ಸ್ಟ್ರಾಬೊ ಹೆಸರಿನ ಅರ್ಥವೂ ಮೆಳ್ಳಗಣ್ಣಿನವನು ಎಂದೇ. ರೋಮನ್ ದಂಡನಾಯಕ ಪಾಂಪೆಯ ತಂದೆಗೂ ಅದೇ ಅಡ್ಡಹೆಸರಿತ್ತು.