ಇಳಿಜಾರಿನಲ್ಲಿ ಲಾರಿಯ ವೇಗನಿಯಂತ್ರಣ

ಘಟ್ಟವನ್ನೇರುವ ಲಾರಿಯ ಏದುಸಿರನ್ನು ಕೇಳಿದವರು ಅದರ ಕಷ್ಟವೆಲ್ಲವೂ ಏರಿನಲ್ಲಿಯೇ ಇರುವುದೆಂದು ಭಾವಿಸುವುದು ಸಹಜ. ಆದರೆ ಸಕಲೇಶಪುರದ ಕಡೆಯಿಂದ ಶಿರಾಡಿ ಘಾಟಿಯನ್ನಿಳಿದು ಮಂಗಳೂರಿಗೆ ಸರಕು ಸಾಗಿಸುವ ಚಾಲಕನಿಗೆ ಇಳಿತವೇ ಹೆಚ್ಚಿನ ಪರೀಕ್ಷೆ. ಏರುವಾಗ ಎಂಜಿನ್ ಸೋತರೆ ಪ್ರಯಾಣ ತಡವಾದೀತು. ಇಳಿಯುವಾಗ ಬ್ರೇಕು ಸೋತರೆ ಪ್ರಾಣಕ್ಕೇ ಸಂಚಕಾರ.

ಇದರ ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಸರಕುಸಹಿತ 16 ಟನ್ ತೂಗುವ ಲಾರಿಯೊಂದು 500 ಮೀಟರ್ ಕೆಳಗಿಳಿಯುವುದೆಂದು ಭಾವಿಸೋಣ. ಆಗ ಅದು ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ಸುಮಾರು 7 ಕೋಟಿ 84 ಲಕ್ಷ ಜೂಲ್. 25 ಡಿಗ್ರಿ ಉಷ್ಣತೆಯ 250 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು. ಲಾರಿಯ ವೇಗ ಹೆಚ್ಚಬಾರದಾದರೆ ಈ ಶಕ್ತಿಯೆಲ್ಲವೂ ಉಷ್ಣವಾಗಿ ಪರಿಣಮಿಸಬೇಕು. ಗಾಳಿಯ ತಡೆಯೂ ಚಕ್ರಗಳ ಉರುಳುವಿಕೆಯೂ ಇದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಹೀರಬಲ್ಲವು.

ಕಾಲಿನ ಬ್ರೇಕನ್ನೇ ನೆಚ್ಚಿದರೆ ಉಳಿದ ಉಷ್ಣವು ಬ್ರೇಕಿನ ಡ್ರಮ್ಮುಗಳಲ್ಲಿ ಶೇಖರವಾಗುತ್ತದೆ. ಕಾದ ಡ್ರಮ್ಮು ಹಿಗ್ಗಿ, ಅದನ್ನು ಒತ್ತಬೇಕಾದ ಲೈನಿಂಗಿನಿಂದ ದೂರ ಸರಿಯುತ್ತದೆ. ಲೈನಿಂಗಿನ ಘರ್ಷಣೆಯೂ ಕುಗ್ಗುತ್ತದೆ. ಚಾಲಕನು ಎಷ್ಟು ತುಳಿದರೂ ಲಾರಿ ವಶಕ್ಕೆ ಬಾರದು. ನಿಧಾನವಾಗಿ ಇಳಿದರೆ ಒಟ್ಟು ಶಕ್ತಿಯೇನೂ ಹೆಚ್ಚು ಕಡಿಮೆಯಾಗದು; ಆದರೆ ವೇಗ ಅರ್ಧವಾದರೆ ಉಷ್ಣವು ಗಾಳಿಗೆ ಸೇರಲು ಎರಡರಷ್ಟು ಕಾಲ ದೊರೆಯುತ್ತದೆ.

ಎಂಜಿನ್ನೇ ಇಲ್ಲಿ ನೆರವಿಗೆ ಬರುತ್ತದೆ. ಕೆಳಗಿನ ಗೇರಿನಲ್ಲಿರುವಾಗ ಚಕ್ರಗಳು ಎಂಜಿನ್ನನ್ನು ರಭಸದಿಂದ ತಿರುಗಿಸಬೇಕಾಗುವುದರಿಂದ ಲಾರಿಯ ಓಟಕ್ಕೆ ತಡೆಯುಂಟಾಗುತ್ತದೆ. ಅನೇಕ ಲಾರಿಗಳಲ್ಲಿ ಹೊಗೆಕೊಳವೆಯನ್ನು ಮುಚ್ಚಿ ಈ ತಡೆಯನ್ನು ಹೆಚ್ಚಿಸುವ ಎಕ್ಸಾಸ್ಟ್ ಬ್ರೇಕ್ ಇರುತ್ತದೆ.

ಇದಕ್ಕಿಂತ ಪ್ರಬಲವಾದ ಉಪಾಯವೊಂದರ ಹಿಂದೆ ಒಂದು ಕಥೆಯಿದೆ. 1931ರಲ್ಲಿ ಅಮೆರಿಕದ ಡೀಸೆಲ್ ಎಂಜಿನ್ ತಯಾರಕ ಕ್ಲೆಸೀ ಕಮಿನ್ಸ್ ಪಯಣಿಸುತ್ತಿದ್ದ ಟ್ರಕ್ಕು ಕ್ಯಾಲಿಫೋರ್ನಿಯದ ಕಹೋನ್ ಕಣಿವೆಮಾರ್ಗದಲ್ಲಿ ಹತೋಟಿ ತಪ್ಪಿತು. ಕೆಳಗೆ ರೈಲುದಾರಿ, ಅದರ ಮೇಲೆ ಸರಕಿನ ರೈಲು! ಕೂದಲೆಳೆಯಷ್ಟರಲ್ಲಿ ಅನಾಹುತ ತಪ್ಪಿತು. ಆತನು ಮುಂದೆ ರೂಪಿಸಿದ ಬ್ರೇಕು 1961ರಲ್ಲಿ ಮಾರುಕಟ್ಟೆಗೆ ಬಂದಿತು. ಸಾಮಾನ್ಯವಾಗಿ ಸಿಲಿಂಡರಿನಲ್ಲಿ ಒತ್ತಿದ ಗಾಳಿಯು ಸ್ಪ್ರಿಂಗಿನಂತೆ ಪಿಸ್ಟನ್ನನ್ನು ಹಿಂದಕ್ಕೆ ನೂಕಿ, ತಾನು ಪಡೆದ ಶಕ್ತಿಯ ಬಹುಭಾಗವನ್ನು ಮರಳಿಸುತ್ತದೆ. ಕಮಿನ್ಸನ ವ್ಯವಸ್ಥೆಯಲ್ಲಿ ಗಾಳಿ ಪೂರ್ಣವಾಗಿ ಒತ್ತಲ್ಪಡುವ ಹೊತ್ತಿಗೆ ಹೊಗೆಕವಾಟ ತೆರೆದುಕೊಳ್ಳುವುದರಿಂದ ಆ ಶಕ್ತಿ ಹೊರಕ್ಕೆ ಹೋಗಿಬಿಡುತ್ತದೆ.

ಹಾಗಾದರೆ ಚಾಲಕನು ಪಾಲಿಸಬೇಕಾದುದೇನು? ಇಳಿಜಾರು ಆರಂಭವಾಗುವ ಮುನ್ನವೇ ತಕ್ಕ ಗೇರನ್ನು ಹಿಡಿಯಬೇಕು. ವೇಗ ಏರಿದ ಮೇಲೆ ಕೆಳಗಿನ ಗೇರಿಗೆ ಬರುವುದು ದುಸ್ಸಾಧ್ಯ. ಬ್ರೇಕನ್ನು ಸದಾ ಮೆಲ್ಲನೆ ಒತ್ತಿ ಹಿಡಿಯದೆ, ವೇಗವು ಗೊತ್ತಾದ ಮಿತಿಯನ್ನು ಮುಟ್ಟಿದಾಗ ದೃಢವಾಗಿ ಒತ್ತಿ, ಗಂಟೆಗೆ ಸುಮಾರು 8 ಕಿಲೋಮೀಟರಿನಷ್ಟು ತಗ್ಗಿಸಿ ಬಿಡಬೇಕು. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲಿನಲ್ಲಿ ಇಳಿಯುವುದು ಅವಿವೇಕ. ಗೇರಿನಲ್ಲಿದ್ದು ಆಕ್ಸಿಲರೇಟರನ್ನು ಬಿಟ್ಟಾಗ ಇಂದಿನ ಎಂಜಿನ್ನುಗಳು ಇಂಧನವನ್ನು ತಾವೇ ತಡೆಯುತ್ತವೆ. ನ್ಯೂಟ್ರಲಿನಲ್ಲಾದರೋ ಎಂಜಿನ್ ಇಂಧನವನ್ನು ಉರಿಸುತ್ತಲೇ ಇರುತ್ತದೆ. ಬ್ರೇಕು ಸುಟ್ಟ ವಾಸನೆ ಬಂದೊಡನೆ ಸುರಕ್ಷಿತ ಸ್ಥಳದಲ್ಲಿ ಲಾರಿಯನ್ನು ನಿಲ್ಲಿಸಿ ಡ್ರಮ್ಮುಗಳನ್ನು ಆರಗೊಡಬೇಕು. ಇನ್ನೊಂದು ತಿರುವು ಕಳೆಯಲೆಂದು ಕಾಯುವುದು ಸಲ್ಲದು.