ಶ್ರುತಿ ನಿಲ್ಲುವುದು ಸುತ್ತಿನಲ್ಲಿ

ಎಲೆಕ್ಟ್ರಿಕ್ ಗಿಟಾರಿನ ಆರು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವೆಲ್ಲ ಸೇರಿ ಗಿಟಾರಿನ ಕತ್ತನ್ನು ಸುಮಾರು 47 ಕಿಲೊ ಭಾರದಷ್ಟು ಬಲದಿಂದ ಎಳೆಯುತ್ತಿರುತ್ತವೆ. ಫೆಂಡರ್ ಸ್ಟ್ರಾಟೊಕಾಸ್ಟರ್‌ಗೆ ಈಗ ಎಲ್ಲೆಡೆ ಸಿಗುವ ‘ಹತ್ತರ ಸೆಟ್’ ಹಾಕಿದಾಗಿನ ಲೆಕ್ಕ ಇದು. ಈ ಎಳೆತವನ್ನು ಒಂದು ತುದಿಯಲ್ಲಿ ತಡೆಯುವುದು ತಂತಿಯ ಕೊನೆಗೆ ಕಟ್ಟಿದ ಹಿತ್ತಾಳೆಯ ಪುಟ್ಟ ಗುಂಡು. ಇನ್ನೊಂದು ತುದಿಯಲ್ಲಿ ತಡೆಯುವುದು ಬಿರಡೆಯ ಗೂಟಕ್ಕೆ ಸುತ್ತಿದ ಎರಡು ಮೂರು ಸುತ್ತು. ಗುಂಡು ಕಾರ್ಖಾನೆಯಲ್ಲೇ ಕಟ್ಟಿ ಬರುತ್ತದೆ, ಸುತ್ತು ಮಾತ್ರ ನುಡಿಸುವವರ ಕೈಕೆಲಸ. ಗಿಟಾರ್ ಶ್ರುತಿಯಲ್ಲಿ ನಿಲ್ಲುತ್ತಿಲ್ಲ ಎಂದಾಗ ಬಿರಡೆಯನ್ನೇ ಬದಲಿಸಲು ಹೊರಡುವ ಮುಂಚೆ ನೋಡಬೇಕಾದ ಜಾಗ ಇದು.

ತಂತಿ ಯಾವುದರದ್ದಾಗಿರಬೇಕು ಎಂಬುದನ್ನು ಪಿಕಪ್ ನಿರ್ಧರಿಸುತ್ತದೆ. ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರ, ಪಿಕಪ್ ಎಂದರೆ ಇಷ್ಟೇ. ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಕಾಂತಕ್ಷೇತ್ರ ಅಲುಗಿ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ, ಆಂಪ್ಲಿಫೈಯರ್ ಹಿಗ್ಗಿಸುವುದು ಅದನ್ನೇ. ಹಾಗಾಗಿ ಕ್ಲಾಸಿಕಲ್ ಗಿಟಾರಿನ ನೈಲಾನ್ ತಂತಿ ಇಲ್ಲಿ ಮೂಕ. ಅಕೂಸ್ಟಿಕ್ ಗಿಟಾರಿನ ಕಂಚು ಸುತ್ತಿದ ತಂತಿಯಲ್ಲಿಯೂ ಪಿಕಪ್‌ಗೆ ಕೇಳಿಸುವುದು ಒಳಗಿನ ಉಕ್ಕಿನ ಎಳೆ ಮಾತ್ರ.

ಆರರಲ್ಲಿ ತೆಳುವಾದ ಮೂರು ತಂತಿಗಳು ಬರಿಯ ಉಕ್ಕಿನವು, ತವರದ ಲೇಪ ಕೊಟ್ಟವು. ಉಳಿದ ಮೂರರಲ್ಲಿ ಉಕ್ಕಿನ ಎಳೆಯ ಮೇಲೆ ಇನ್ನೊಂದು ಎಳೆಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಸಾಮಾನ್ಯವಾಗಿ ಅದು ನಿಕ್ಕಲ್ ಲೇಪದ ಉಕ್ಕು. ಇದರ ಹಿಂದೆ ಫ್ರಾನ್ಸಿನ ಮರಾಂ ಮೆರ್ಸೆನ್ 1636ರಲ್ಲಿ ಪ್ರಕಟಿಸಿದ ನಿಯಮವಿದೆ. ಉದ್ದವೂ ಬಿಗಿತವೂ ಒಂದೇ ಆಗಿದ್ದರೆ ಭಾರವಾದ ತಂತಿ ಕೆಳಗಿನ ಸ್ವರ ಕೊಡುತ್ತದೆ. ಭಾರ ಬೇಕೆಂದು ಗಟ್ಟಿ ಉಕ್ಕನ್ನೇ ದಪ್ಪ ಮಾಡಿದರೆ ತಂತಿ ಸರಳಿನಂತೆ ಸೆಡೆತು ಅದರ ಉಪಸ್ವರಗಳು ಕೆಡುತ್ತವೆ. ತೆಳು ಎಳೆಗೆ ಹೊರಸುತ್ತು ಕೊಟ್ಟರೆ ಭಾರ ಬರುತ್ತದೆ, ಬಾಗುವ ಗುಣವೂ ಉಳಿಯುತ್ತದೆ.

ತಂತಿಯ ದಪ್ಪವನ್ನು ಇಂಚಿನ ಸಾವಿರದ ಭಾಗದಲ್ಲಿ ಅಳೆಯುತ್ತಾರೆ. ಮೊದಲ ತಂತಿಯ ದಪ್ಪವೇ ಸೆಟ್ಟಿನ ಹೆಸರು. ಹತ್ತರ ಸೆಟ್ ಎಂದರೆ 10, 13, 17, 26, 36, 46. ಒಂಬತ್ತರ ಸೆಟ್ ಎಂದರೆ 9, 11, 16, 24, 32, 42. ಇಷ್ಟು ತೆಳುವಾದ ಸೆಟ್‌ಗಳು ಗಿಟಾರಿನ ಜೊತೆಗೇ ಬಂದವಲ್ಲ. 1950ರ ದಶಕದಲ್ಲಿ ಸಿಗುತ್ತಿದ್ದ ಸೆಟ್‌ಗಳು ಬಹಳ ದಪ್ಪ, ಅವುಗಳ ಮೂರನೆಯ ತಂತಿಯೂ ಸುತ್ತಿನದು. ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರ ಏರಿಸಬೇಕೆನ್ನುವವರು ಬ್ಯಾಂಜೋದ ತಂತಿ ತಂದು ಮೊದಲ ಜಾಗಕ್ಕೆ ಹಾಕಿ, ಮಿಕ್ಕವನ್ನು ಒಂದೊಂದು ಮನೆ ಆಚೆಗೆ ಸರಿಸಿಕೊಳ್ಳುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಗಿಟಾರ್ ಅಂಗಡಿ ನಡೆಸುತ್ತಿದ್ದ ಅರ್ನಿ ಬಾಲ್ ಈ ಪಾಡನ್ನು ಕಂಡು 1960ರ ದಶಕದ ಮೊದಲಲ್ಲಿ ‘ಸ್ಲಿಂಕಿ’ ಎಂಬ ತೆಳು ಸೆಟ್‌ಗಳನ್ನು ತಂದರು. ಆಮೇಲಿನ ರಾಕ್ ಗಿಟಾರಿನ ನುಡಿಗಾರಿಕೆಯಲ್ಲಿ ಆ ನಿರ್ಧಾರದ ಪಾಲು ದೊಡ್ಡದು.

ತಂತಿ ಹಳತಾಗಿದೆ ಎಂದು ಹೇಳಲು ಅದು ತುಂಡಾಗುವವರೆಗೆ ಕಾಯಬೇಕಿಲ್ಲ. ಬೆರಳಿನ ಬೆವರು, ಜಿಡ್ಡು, ಸತ್ತ ಚರ್ಮದ ಪುಡಿ ಹೊರಸುತ್ತಿನ ಸಂದುಗಳಲ್ಲಿ ತುಂಬುತ್ತವೆ. ಫ್ರೆಟ್‌ಗೆ ತಾಗುವ ಕಡೆಗಳಲ್ಲಿ ತಂತಿಯ ಹೊಟ್ಟೆಗೆ ತಗ್ಗು ಬೀಳುತ್ತದೆ. ಅಲ್ಲಿಗೆ ತಂತಿಯ ಭಾರ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ತೆರೆದ ತಂತಿ ಶ್ರುತಿಯಲ್ಲಿದ್ದರೂ ಹನ್ನೆರಡನೆಯ ಫ್ರೆಟ್‌ನಲ್ಲಿ ಸ್ವರ ತಪ್ಪುತ್ತದೆ, ನಾದದ ಹೊಳಪು ಹೋಗುತ್ತದೆ. ಕೆಳಗಿನಿಂದ ಬೆರಳು ಸವರಿದರೆ ಈ ತಗ್ಗುಗಳು ಕೈಗೇ ಸಿಗುತ್ತವೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಬರಿಯ ಉಕ್ಕಿನ ತಂತಿಗಳು ಇನ್ನೂ ಬೇಗ ತುಕ್ಕು ಹಿಡಿಯುತ್ತವೆ. ಅಲ್ಲಿನವರಿಗೆ ಪಾಲಿಮರ್ ಲೇಪದ ತಂತಿಗೆ ಕೊಡುವ ಹೆಚ್ಚು ಬೆಲೆ ದುಂದಲ್ಲ.

ಹಳೆಯದನ್ನು ತೆಗೆಯುವ ಕ್ರಮ ಗಿಟಾರಿನಿಂದ ಗಿಟಾರಿಗೆ ಬೇರೆ. ಎಲ್ಲದಕ್ಕೂ ಸಮಾನವಾದ ಮಾತು ಒಂದೇ: ಬಿಗಿ ತಂತಿಗೆ ಕಟಿಂಗ್ ಪ್ಲೇಯರ್ ಹಾಕಬಾರದು. ಪೂರ್ತಿ ಸಡಿಲಿಸಿದ ಮೇಲೆಯೇ ನಡುವೆ ಕತ್ತರಿಸಬೇಕು. ಬಿಗುವಿನಲ್ಲಿ ತುಂಡಾದ ತಂತಿ ಚಿಮ್ಮಿ ಕಣ್ಣಿಗೆ ಬಡಿಯಬಹುದು. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್‌ನಲ್ಲಿ ತಂತಿಯ ಗುಂಡು ಟ್ರೆಮೊಲೊದ (ಸ್ವರ ಅಲುಗಿಸಲು ವಾಲಿಸಬಹುದಾದ ಬ್ರಿಡ್ಜಿನ) ಲೋಹದ ದಿಂಡಿನೊಳಗೆ ಕೂತಿರುತ್ತದೆ. ತುಂಡಾದ ತಂತಿಯನ್ನು ಮೇಲಿನಿಂದ ತಳ್ಳಿದರೆ ಗುಂಡು ಬೆನ್ನಿನ ಕಿಂಡಿಯಿಂದ ಹೊರಬರುತ್ತದೆ. ಬೆನ್ನಿನ ಗೂಡಿನಲ್ಲಿರುವ ಸ್ಪ್ರಿಂಗ್‌ಗಳು ತಂತಿಗಳ ಎಳೆತಕ್ಕೆ ಎದುರಾಗಿ ಎಳೆಯುತ್ತಿರುತ್ತವೆ. ಆರೂ ತಂತಿ ಒಟ್ಟಿಗೆ ಹೋದರೆ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ. ತೇಲುವ ಟ್ರೆಮೊಲೊ ಇರುವಲ್ಲಿ ದಿಂಡಿನ ಹಿಂದೆ ಮರದ ಚಿಕ್ಕ ತುಂಡೊಂದನ್ನು ಸಿಕ್ಕಿಸಿದರೆ ಈ ತೊಂದರೆ ಇಲ್ಲ. ಗಿಬ್ಸನ್ ಲೆಸ್ ಪಾಲ್‌ನಲ್ಲಿ ಬ್ರಿಡ್ಜನ್ನೂ ತಂತಿ ಸಿಕ್ಕಿಸುವ ಟೇಲ್‌ಪೀಸನ್ನೂ ಬಹುಮಟ್ಟಿಗೆ ತಂತಿಗಳೇ ಹಿಡಿದಿಟ್ಟಿರುತ್ತವೆ. ಎಲ್ಲ ತೆಗೆದು ಗಿಟಾರ್ ಮಗುಚಿದರೆ ಎರಡೂ ಕಳಚಿ ಬೀಳಬಹುದು, ಅವು ತಾಗಿದಲ್ಲಿ ಬಣ್ಣ ಏಳುತ್ತದೆ. ಎಲ್ಲ ತಂತಿ ಒಟ್ಟಿಗೆ ತೆಗೆದರೆ ಕತ್ತು ಹಾಳಾಗುತ್ತದೆ ಎಂಬ ಹೆದರಿಕೆ ಕೇಳಿಬರುತ್ತದೆ. ಅರ್ಧ ಗಂಟೆಯ ಬಿಡುವಿಗೆ ಗಟ್ಟಿ ಮರದ ಕತ್ತಿಗೆ ಏನೂ ಆಗುವುದಿಲ್ಲ.

ಫ್ರೆಟ್‌ಬೋರ್ಡ್ ಶುಚಿ ಮಾಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಬಹಳಷ್ಟು ಎಲೆಕ್ಟ್ರಿಕ್ ಗಿಟಾರುಗಳ ಫ್ರೆಟ್‌ಬೋರ್ಡ್ ನಮ್ಮ ಪಶ್ಚಿಮ ಘಟ್ಟದ ಬೀಟೆಯದು. ವ್ಯಾಪಾರದವರು ಇಂಡಿಯನ್ ರೋಸ್‌ವುಡ್ ಎಂದು ಕರೆಯುವುದು ಈ ಮರವನ್ನೇ. ಬೀಟೆಗೆ ಮೆರುಗೆಣ್ಣೆ ಬಳಿದಿರುವುದಿಲ್ಲ, ಆದ್ದರಿಂದ ಒಣ ಬಟ್ಟೆಯಲ್ಲಿ ಒರೆಸಿದ ಮೇಲೆ ಫ್ರೆಟ್‌ಬೋರ್ಡಿಗೆಂದೇ ಬರುವ ಎಣ್ಣೆಯ ಒಂದೆರಡು ಹನಿ ತಿಕ್ಕಬಹುದು. ಮೇಪಲ್ ಮರದ್ದಾದರೆ ಸಾಮಾನ್ಯವಾಗಿ ಮೆರುಗೆಣ್ಣೆಯ ಪದರವಿರುತ್ತದೆ, ಅದಕ್ಕೆ ತುಸು ಒದ್ದೆ ಬಟ್ಟೆ ಸಾಕು.

ಇನ್ನು ಸುತ್ತು. ಬಿಗಿದ ತಂತಿಯನ್ನು ಗೂಟ ಹಿಡಿದಿಡುವುದು ಉಜ್ಜಿನಿಂದ. ಹಗ್ಗವನ್ನೊ ತಂತಿಯನ್ನೊ ಕಂಬಕ್ಕೆ ಸುತ್ತಿದಾಗ ಪ್ರತಿ ಸುತ್ತಿಗೂ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಗಣಿತಜ್ಞ ಆಯ್ಲರ್ ಹೆಸರಿನಲ್ಲಿ ಈ ಸೂತ್ರ ಇಂದಿಗೂ ಇಂಜಿನಿಯರಿಂಗ್ ಪಾಠದಲ್ಲಿದೆ. ಮೂರು ಸುತ್ತಾಗುವ ಹೊತ್ತಿಗೆ ಏಳೆಂಟು ಕಿಲೊ ಎಳೆತದಲ್ಲಿ ತೂತಿನೊಳಗಿನ ತುದಿಗೆ ತಲುಪುವುದು ತೀರ ಸಣ್ಣ ಪಾಲು. ಒಂದೇ ಸುತ್ತಾದರೆ ಬರಿಯ ಉಕ್ಕಿನ ನುಣುಪು ತಂತಿ ಜಾರುತ್ತದೆ. ಹಾಗೆಂದು ಏಳೆಂಟು ಸುತ್ತು ಸುತ್ತಿದರೆ ಇನ್ನೊಂದು ಕಾಟ: ಸುತ್ತಿನ ಮೇಲೆ ಸುತ್ತು ಹತ್ತುತ್ತದೆ. ತಂತಿಯನ್ನು ಅಡ್ಡಕ್ಕೆ ಎಳೆದಾಗಲೆಲ್ಲ ಆ ಗಂಟು ಬಿಗಿಯುತ್ತದೆ, ಬಿಟ್ಟಾಗ ಮೊದಲಿನ ಜಾಗಕ್ಕೆ ಬರುವುದಿಲ್ಲ.

ಜಾರುವುದು ಎಷ್ಟು ಕಡಿಮೆಯಾದರೂ ಕಿವಿಗೆ ತಿಳಿಯುತ್ತದೆ. ಹತ್ತರ ಸೆಟ್ಟಿನ ಮೂರನೆಯ ತಂತಿ ಶ್ರುತಿಗೇರುವಷ್ಟರಲ್ಲಿ ಹಿಗ್ಗುವುದು ಸುಮಾರು ಎರಡು ಮಿಲಿಮೀಟರ್ ಮಾತ್ರ. ಅದರಲ್ಲಿ ಕಾಲು ಮಿಲಿಮೀಟರ್ ಗೂಟದಲ್ಲಿ ಜಾರಿಹೋದರೆ ಸ್ವರ ಒಂದು ಫ್ರೆಟ್‌ನಷ್ಟೇ ಕೆಳಗಿಳಿಯುತ್ತದೆ. ಮೊದಲ ತಂತಿ ಅಷ್ಟೇ ಇಳಿಯಬೇಕಾದರೆ ಅರ್ಧ ಮಿಲಿಮೀಟರಿಗೂ ಹೆಚ್ಚು ಜಾರಬೇಕು. ಆರರಲ್ಲಿ ಮೂರನೆಯದೇ ಸದಾ ಶ್ರುತಿ ತಪ್ಪುತ್ತದೆ ಎಂದು ಗಿಟಾರಿನವರು ಹೇಳುವುದಕ್ಕೆ ಇದೊಂದು ದೊಡ್ಡ ಕಾರಣ.

ಹಳೆಯ ಮಾದರಿಯ ಸ್ಟ್ರಾಟೊಕಾಸ್ಟರ್‌ನಲ್ಲಿ ಗೂಟದ ತಲೆ ಎರಡಾಗಿ ಸೀಳಿರುತ್ತದೆ, ಸೀಳಿನ ನಡುವೆ ಕೆಳಮುಖದ ತೂತು. ಇಲ್ಲಿ ತಂತಿಯನ್ನು ಮೊದಲೇ ಅಳೆದು ಕತ್ತರಿಸಬೇಕು. ಗೂಟದ ದಪ್ಪ ಸುಮಾರು 6 ಮಿಲಿಮೀಟರ್. ಒಂದು ಸುತ್ತಿಗೆ ಹತ್ತಿರಹತ್ತಿರ 2 ಸೆಂಟಿಮೀಟರ್, ತೂತಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೇಕು. ದಪ್ಪ ತಂತಿಗಳಿಗೆ ಎರಡು ಸುತ್ತು ಸಾಕು, ತನ್ನ ಗೂಟ ದಾಟಿ 5 ಸೆಂಟಿಮೀಟರಿಗೆ ಕತ್ತರಿಸಬಹುದು. ತೆಳು ತಂತಿಗಳಿಗೆ ಮೂರು ಸುತ್ತೆಂದರೆ 7 ಸೆಂಟಿಮೀಟರ್. ಹೊರಸುತ್ತಿನ ತಂತಿಯನ್ನು ಕತ್ತರಿಸುವ ಮೊದಲು ಆ ಜಾಗದಲ್ಲಿ ಪ್ಲೇಯರ್‌ನಿಂದ ಲಂಬವಾಗಿ ಮಡಿಸಿ, ಮಡಿಕೆಯ ಆಚೆಗೆ ಕತ್ತರಿಸಬೇಕು. ನೇರವಾಗಿ ಕತ್ತರಿಸಿದರೆ ಒಳ ಎಳೆಯ ಮೇಲಿನ ಸುತ್ತು ಸಡಿಲಾಗಿ ತಂತಿ ಹೊಸದಿರುವಾಗಲೇ ಸತ್ತ ದನಿ ಕೊಡಬಹುದು.

ತುದಿಯನ್ನು ತೂತಿನ ತಳ ಮುಟ್ಟುವಂತೆ ಇಳಿಸಿ, ಸೀಳಿನಂಚಿಗೆ ಗಟ್ಟಿಯಾಗಿ ಮಡಿಸಿ, ಒಂದು ಕೈಯ ತೋರುಬೆರಳಿನಿಂದ ತಂತಿಯನ್ನು ನಟ್‌ನ (ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಕಚ್ಚುಗಳ ಪಟ್ಟಿ) ಹತ್ತಿರ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬಿರಡೆ ತಿರುಗಿಸಬೇಕು. ತಂತಿ ಗೂಟವನ್ನು ಬಳಸುವುದು ಬಿರಡೆಯ ಹಿಡಿ ಇಲ್ಲದ ಮಗ್ಗುಲಿನಿಂದ. ಆರೂ ಬಿರಡೆ ಒಂದೇ ಸಾಲಿನಲ್ಲಿರುವ ಫೆಂಡರ್‌ಗೂ ಮೂರು ಮೂರರಂತೆ ಎರಡು ಬದಿಗಿರುವ ಗಿಬ್ಸನ್‌ಗೂ ಇದೇ ನಿಯಮ. ಪ್ರತಿ ಸುತ್ತೂ ಹಿಂದಿನದರ ಕೆಳಗೆ, ಅದಕ್ಕೆ ತಾಗಿಕೊಂಡು ಕೂರಬೇಕು. ತಂತಿ ನಟ್‌ನಿಂದ ಗೂಟಕ್ಕೆ ಇಳಿಜಾರಾಗಿ ಹೋಗಿ ನಟ್‌ನ ಕಚ್ಚಿನಲ್ಲಿ ಒತ್ತಿಕೊಳ್ಳುವುದು ಹಾಗೆ ಕೂತಾಗಲೇ. ಇಳಿಜಾರು ಕಡಿಮೆಯಾದರೆ ತೆರೆದ ತಂತಿ ಝರ್ ಎನ್ನುತ್ತದೆ. ಫೆಂಡರ್‌ನ ತಲೆ ಹಿಂದಕ್ಕೆ ಬಾಗಿರುವುದಿಲ್ಲ, ಹಾಗಾಗಿ ಮೊದಲ ಎರಡು ತಂತಿಗಳನ್ನು ಪುಟ್ಟ ಲೋಹದ ಕೊಕ್ಕೆಯೊಂದು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಮೂರನೆಯದಕ್ಕೆ ಎಷ್ಟೋ ಗಿಟಾರುಗಳಲ್ಲಿ ಆ ಕೊಕ್ಕೆಯೂ ಇಲ್ಲ. ಅದಕ್ಕೆ ಇನ್ನೊಂದು ಸುತ್ತು ಹೆಚ್ಚಿಗೆ ಕೊಟ್ಟು ಕೆಳಗಿಳಿಸುವುದು ಜಾಣತನ.

ಗಿಬ್ಸನ್ ಮಾದರಿಯ ಗೂಟದಲ್ಲಿ ತೂತು ಅಡ್ಡಕ್ಕಿರುತ್ತದೆ. ತಂತಿ ತೂರಿಸಿ, ಬೇಕಾದಷ್ಟು ಸಡಿಲು ಬಿಟ್ಟು, ಮೊದಲ ಸುತ್ತನ್ನು ಹೊರಬಂದ ತುದಿಯ ಮೇಲಿನಿಂದಲೂ ಮಿಕ್ಕವನ್ನು ಅದರ ಕೆಳಗಿನಿಂದಲೂ ಹಾಯಿಸಿದರೆ ತುದಿ ನಡುವೆ ಸಿಕ್ಕಿ ಬಿಗಿಯುತ್ತದೆ. ತುದಿಯನ್ನು ಹಿಂದಕ್ಕೆ ತಂದು ತಂತಿಯ ಅಡಿಯಿಂದ ತೂರಿಸಿ ಮೇಲಕ್ಕೆ ಮಡಿಸುವ ಗಂಟಿನ ಕ್ರಮವೂ ಇದೆ. ಅದು ಜಾರುವುದೇ ಇಲ್ಲ, ಆದರೆ ಕಚೇರಿಯ ನಡುವೆ ತಂತಿ ತುಂಡಾದರೆ ಬಿಡಿಸುವುದರಲ್ಲಿ ಹೊತ್ತು ಹೋಗುತ್ತದೆ. ಸುತ್ತನ್ನು ನೀಟಾಗಿ ಹಾಕಬಲ್ಲವರಿಗೆ ಮೊದಲ ಕ್ರಮವೇ ಸಾಕು.

ಸುತ್ತಿನ ಗೊಡವೆಯನ್ನೇ ತಪ್ಪಿಸುವ ಸಾಧನಗಳೂ ಬಂದಿವೆ. ಲಾಕಿಂಗ್ ಬಿರಡೆಯಲ್ಲಿ ಗೂಟದೊಳಗಿನ ಪಿನ್ನು ತಂತಿಯನ್ನು ಕಚ್ಚಿ ಹಿಡಿಯುತ್ತದೆ, ಒಂದು ಪೂರ್ತಿ ಸುತ್ತೂ ಬೇಡ. ಅಮೆರಿಕದ ಫ್ಲಾಯ್ಡ್ ರೋಸ್ 1970ರ ದಶಕದ ಕೊನೆಯಲ್ಲಿ ರೂಪಿಸಿದ ಟ್ರೆಮೊಲೊ ಇನ್ನೂ ಮುಂದೆ ಹೋಗುತ್ತದೆ. ಗುಂಡನ್ನೇ ಕತ್ತರಿಸಿ ಹಾಕಿ, ತಂತಿಯ ಬರಿ ತುದಿಯನ್ನು ಬ್ರಿಡ್ಜ್‌ನಲ್ಲಿ ಸ್ಕ್ರೂ ಹಾಕಿ ಬಿಗಿಯಬೇಕು. ಇನ್ನೊಂದು ಕಡೆ ನಟ್ಟೇ ತಂತಿಯನ್ನು ಅದುಮಿ ಹಿಡಿಯುತ್ತದೆ. ಆಮೇಲೆ ಶ್ರುತಿ ತಿದ್ದುವುದು ಬ್ರಿಡ್ಜ್‌ನ ಪುಟ್ಟ ತಿರುಪುಗಳಿಂದ. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಅವರ ಕೈಯಲ್ಲಿ ಅದು ಹೆಸರಾಯಿತು. ಆದರೆ ತಂತಿ ಬದಲಿಸುವ ಕೆಲಸ ಅದರಲ್ಲಿ ಇಮ್ಮಡಿ.

ಹೊಸ ತಂತಿ ಏರಿಸಿದ ಕೂಡಲೇ ಶ್ರುತಿ ನಿಲ್ಲುವುದಿಲ್ಲ. ಸುತ್ತುಗಳು ಗೂಟಕ್ಕೆ ಅಪ್ಪಿಕೊಳ್ಳಬೇಕು, ಗುಂಡಿನ ಬಳಿಯ ತಿರುಚು ಬಿಗಿಯಬೇಕು. ತಂತಿಯನ್ನು ಫ್ರೆಟ್‌ಬೋರ್ಡಿನಿಂದ ಮೆತ್ತಗೆ ಮೇಲೆತ್ತಿ ಉದ್ದಕ್ಕೂ ಎಳೆದು, ಮತ್ತೆ ಶ್ರುತಿ ಮಾಡಿ, ಇಳಿಯುವುದು ನಿಲ್ಲುವವರೆಗೆ ಹೀಗೆ ಮಾಡಬೇಕು. ಮೂರು ನಾಲ್ಕು ಸರದಿಯಲ್ಲಿ ಸಾಮಾನ್ಯವಾಗಿ ಮುಗಿಯುತ್ತದೆ. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಮುಟ್ಟಿಸಬೇಕು. ಬಿರಡೆಯ ಹಲ್ಲುಗಳ ನಡುವೆ ತುಸು ಸಡಿಲಿರುತ್ತದೆ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಆ ಸಡಿಲು ಉಳಿದು ಆಮೇಲೆ ತಂತಿಗೆ ಹೋಗುತ್ತದೆ.

ಬಿರಡೆ ತಿರುಗಿಸುವಾಗ ನಟ್‌ನಿಂದ ಟಿಕ್ಕೆಂಬ ಸದ್ದು ಬಂದು ಸ್ವರ ಒಮ್ಮೆಲೇ ಹಾರಿದರೆ ತಂತಿ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಸುತ್ತು ಎಷ್ಟೇ ಚೆನ್ನಾಗಿದ್ದರೂ ಈ ದೋಷ ಅದನ್ನು ಕೆಡಿಸುತ್ತದೆ. ತಂತಿ ಹಾಕುವ ಮೊದಲೇ ಪೆನ್ಸಿಲಿನ ಸೀಸವನ್ನು ಕಚ್ಚಿನಲ್ಲಿ ಉಜ್ಜಿದರೆ ಗ್ರಾಫೈಟ್ ಪುಡಿ ಅಲ್ಲಿ ಜಾರು ಕೊಡುತ್ತದೆ. ಅದಕ್ಕೂ ಜಗ್ಗದಿದ್ದರೆ ಕಚ್ಚನ್ನು ಅರದಿಂದ ತಿದ್ದಿಸಬೇಕು, ಅದು ರಿಪೇರಿ ತಿಳಿದವರ ಕೆಲಸ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವ ಆರ್. ಪ್ರಸನ್ನ ಅವರಂಥವರ ಗಮಕದಲ್ಲಿ ತಂತಿ ಎಡೆಬಿಡದೆ ಎಳೆಸಿಕೊಂಡು ತಂಬೂರಿಯ ಎದುರು ಮತ್ತೆ ಅದೇ ಸ್ಥಾನಕ್ಕೆ ಮರಳಬೇಕಾಗುತ್ತದೆ. ನಟ್ ಮತ್ತು ಸುತ್ತು ಎರಡಕ್ಕೂ ಇದಕ್ಕಿಂತ ಕಠಿಣ ಪರೀಕ್ಷೆ ಕಡಿಮೆ.

ತಂತಿಯ ದಪ್ಪವನ್ನೇ ಬದಲಿಸಿದಾಗ ಕೆಲಸ ಇಷ್ಟಕ್ಕೆ ಮುಗಿಯದು. ಸ್ಟ್ರಾಟೊಕಾಸ್ಟರ್‌ನಲ್ಲಿ ಒಂಬತ್ತರ ಸೆಟ್ಟಿನ ಒಟ್ಟು ಎಳೆತ ಸುಮಾರು 38 ಕಿಲೊ. ಹತ್ತಕ್ಕೆ ಹೋದರೆ ಒಂಬತ್ತು ಕಿಲೊ ಹೆಚ್ಚುತ್ತದೆ. ಟ್ರೆಮೊಲೊ ಮುಂದಕ್ಕೆ ವಾಲುತ್ತದೆ, ಬೆನ್ನಿನ ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂಗಳನ್ನು ಬಿಗಿ ಮಾಡಿ ಮತ್ತೆ ಸಮಕ್ಕೆ ತರಬೇಕು. ಕತ್ತು ತುಸು ಹೆಚ್ಚು ಬಾಗಿದರೆ ಅದನ್ನು ನೆಟ್ಟಗಿಡುವ ಒಳಗಿನ ಟ್ರಸ್ ರಾಡನ್ನು ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ ನೋಡಬೇಕು. ಕೊನೆಗೆ, ಪ್ರತಿ ತಂತಿಯ ಹನ್ನೆರಡನೆಯ ಫ್ರೆಟ್ ಒತ್ತಿದ ಸ್ವರವನ್ನು ಅದೇ ಜಾಗದ ಹಾರ್ಮೋನಿಕ್ ಸ್ವರದೊಂದಿಗೆ ಟ್ಯೂನರ್‌ನಲ್ಲಿ ಹೋಲಿಸಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್‌ನ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ನಟ್‌ನ ಕಡೆಗೆ ಸರಿಸುವುದು. ಈ ಅಳತೆಯನ್ನು ಹೊಸ ತಂತಿಯಲ್ಲೇ ಮಾಡಬೇಕು. ತಗ್ಗು ಬಿದ್ದ ಹಳೆಯ ತಂತಿಗೆ ಸರಿಹೊಂದಿಸಿದ ಸ್ಯಾಡಲ್, ಮುಂದಿನ ಸೆಟ್ ಹಾಕಿದ ದಿನವೇ ತಪ್ಪು ಜಾಗದಲ್ಲಿರುತ್ತದೆ.