ಬೈಸಿಕಲ್ಲಿಗೆ ವಿದ್ಯುತ್ ಮೋಟಾರು ಜೋಡಿಸುವಾಗ ಬ್ರೇಕಿನ ರಕ್ಷಣಾ ಸ್ವಿಚ್ಚು

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಬೈಸಿಕಲ್ಲು ಕೇವಲ ಸವಾರಿಯ ಸಾಧನವಾಗಿರದೆ ಒಕ್ಕಲುತನದ ಉಪಕರಣಗಳಲ್ಲಿ ಒಂದಾಗಿರುತ್ತದೆ. ಹೊಲಕ್ಕೆ ಬೀಜ ಗೊಬ್ಬರಗಳನ್ನು ಸಾಗಿಸುವುದಕ್ಕೂ, ಡೇರಿಗೆ ಹಾಲು ಮುಟ್ಟಿಸುವುದಕ್ಕೂ, ಅವೇಳೆಯಲ್ಲಿ ಪಂಪುಸೆಟ್ಟಿನ ಬಳಿಗೆ ಹೋಗಿಬರುವುದಕ್ಕೂ ಅದು ಒದಗಿಬರುತ್ತದೆ. ಈಗ ಹಳೆಯ ಬೈಸಿಕಲ್ಲಿಗೇ ಮೋಟಾರು ಬ್ಯಾಟರಿಗಳನ್ನು ಕೂಡಿಸಿ ವಿದ್ಯುಚ್ಛಕ್ತಿಯಿಂದ ಓಡಿಸುವ ಸಾಮಗ್ರಿಯು ಪೇಟೆಯಲ್ಲಿ ದೊರೆಯುತ್ತದೆ. ಇದರಿಂದ ಶ್ರಮವೂ ಕಾಲವೂ ಉಳಿಯುವುದು ನಿಜ. ಆದರೆ ಆ ಸಾಮಗ್ರಿಯೊಡನೆ ಬರತಕ್ಕ ಒಂದು ಚಿಕ್ಕ ಭಾಗವನ್ನು ಜೋಡಿಸುವವರು ಅನೇಕವೇಳೆ ಅನಾವಶ್ಯಕವೆಂದು ಬಿಟ್ಟುಬಿಡುವುದುಂಟು. ಅದೇ ಬ್ರೇಕಿನ ರಕ್ಷಣಾ ಸ್ವಿಚ್ಚು. ಸವಾರನ ಪ್ರಾಣವು ಅದನ್ನು ಅವಲಂಬಿಸಿರುವ ಕಾರಣ ಅದರ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಸ್ವಿಚ್ಚಿನ ಕೆಲಸವೇನು?

ಸಾಮಾನ್ಯ ಬೈಸಿಕಲ್ಲಿನಲ್ಲಿ ತುಳಿಯುವುದನ್ನು ನಿಲ್ಲಿಸಿದೊಡನೆ ಮುನ್ನೂಕುವ ಬಲವೂ ನಿಲ್ಲುತ್ತದೆ. ಬ್ರೇಕು ಉಳಿದ ವೇಗವನ್ನು ಮಾತ್ರ ತಗ್ಗಿಸಿದರೆ ಸಾಕು. ಮೋಟಾರು ಕೂಡಿದ ಬೈಸಿಕಲ್ಲಿನಲ್ಲಿ ಹಾಗಲ್ಲ. ಪೆಡಲಿನ ಸಂವೇದಕದಿಂದ ನಡೆಯುವ ಮೋಟಾರು ಕಾಲು ನಿಂತ ಮೇಲೂ ಕ್ಷಣಕಾಲ ತಿರುಗುತ್ತಿರಬಹುದು. ಕೈಯಿಂದ ತಿರುಗಿಸುವ ಆಕ್ಸಲರೇಟರ್ ಹಿಡಿಯು ಧೂಳು ಕೆಸರುಗಳಿಂದ ಸಿಕ್ಕಿಕೊಂಡು ಹಿಂದಕ್ಕೆ ಬಾರದಿರಬಹುದು. ಆ ಹಿಡಿಯ ನೆಗೆಟಿವ್ ತಂತಿಯು ಕಡಿದುಹೋದರೆ, ಕೆಲವು ಅಗ್ಗದ ಕಂಟ್ರೋಲರುಗಳು ಅದನ್ನೇ ಪೂರ್ಣ ವೇಗದ ಆಜ್ಞೆಯೆಂದು ತಿಳಿದು ಮೋಟಾರನ್ನು ಓಡಿಸಿಬಿಡುತ್ತವೆ. ಇಂಥ ಸಮಯದಲ್ಲಿ ಬ್ರೇಕು ಹಿಂದಕ್ಕೂ ಮೋಟಾರು ಮುಂದಕ್ಕೂ ಎಳೆಯುವವು.

ಬ್ರೇಕಿನ ಹಿಡಿಯನ್ನು ಅದುಮಿದೊಡನೆ ರಕ್ಷಣಾ ಸ್ವಿಚ್ಚು ಕಂಟ್ರೋಲರಿಗೆ ಸೂಚನೆ ಕೊಡುತ್ತದೆ. ಕಂಟ್ರೋಲರು ಬೇರಾವ ಆಜ್ಞೆಯನ್ನೂ ಲೆಕ್ಕಿಸದೆ ಮೋಟಾರಿನ ವಿದ್ಯುತ್ತನ್ನು ತಡೆಯುತ್ತದೆ. ಈ ಸ್ವಿಚ್ಚು ಸ್ವತಃ ಬ್ರೇಕಲ್ಲ. ಬ್ರೇಕಿಗೆ ಎದುರಾಗಿ ನಿಲ್ಲುವ ಬಲವನ್ನು ತೆಗೆದುಹಾಕುವುದಷ್ಟೇ ಅದರ ಕೆಲಸ.

ಭಾರ ಮತ್ತು ವೇಗದ ಲೆಕ್ಕ

60 ಕಿಲೋ ತೂಕದ ಸವಾರ, ಮೋಟಾರು ಬ್ಯಾಟರಿ ಸಹಿತ 28 ಕಿಲೋ ತೂಕದ ಬೈಸಿಕಲ್ಲು, ಕ್ಯಾರಿಯರಿನ ಮೇಲೆ 45 ಕಿಲೋ ಯೂರಿಯಾದ ಒಂದು ಚೀಲ, ಒಟ್ಟು 133 ಕಿಲೋ ಆಯಿತು. ಗಂಟೆಗೆ 25 ಕಿಲೋಮೀಟರಿನಂತೆ ಹೋಗುವ ಬೈಸಿಕಲ್ಲು ಒಂದು ಸೆಕೆಂಡಿಗೆ ಸುಮಾರು 7 ಮೀಟರು ಸಾಗುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹೀರಬೇಕಾದ ಶಕ್ತಿಯು ನಾಲ್ಮಡಿಯಾಗುವುದು. ಮೇಲಣ ಭಾರಕ್ಕೆ ಆ ವೇಗದಲ್ಲಿ ಈ ಶಕ್ತಿಯು ಸುಮಾರು 3,200 ಜೂಲ್ ಆಗುತ್ತದೆ. 250 ವ್ಯಾಟಿನ ಮೋಟಾರು ಮೂರು ಸೆಕೆಂಡು ಬಿಡದೆ ತಳ್ಳಿದರೆ ಇನ್ನೂ 750 ಜೂಲ್ ಸೇರುವುದರಿಂದ ಬ್ರೇಕಿನ ಹೊರೆಯು ಕಾಲುಭಾಗಕ್ಕೆ ಸಮೀಪವಾಗಿ ಹೆಚ್ಚುತ್ತದೆ. ಅಲ್ಲದೆ ವೇಗವು ತಗ್ಗಿದಂತೆಲ್ಲ ಮೋಟಾರಿನ ತಿರುಗುಬಲವು ಹೆಚ್ಚುವ ಕಾರಣ, ನಿಲ್ಲುವ ಗಳಿಗೆಯಲ್ಲಿಯೇ ಅದರ ಎಳೆತವು ಪ್ರಬಲವಾಗಿರುತ್ತದೆ.

ಮಳೆಗಾಲದಲ್ಲಿ ಉಕ್ಕಿನ ರಿಮ್ಮು ನೆನೆದಾಗ ರಬ್ಬರಿನ ಹಿಡಿತವು ಬಹಳ ಕುಗ್ಗುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಎರೆಭೂಮಿಯ ಕೆಸರು ಮೆತ್ತಿಕೊಂಡರೆ ಹೇಳತಕ್ಕದ್ದೇ ಇಲ್ಲ. ನಾರಾಯಣಪುರದ ಎಡದಂಡೆ ಕಾಲುವೆಯ ಏರಿಯ ಮೇಲಾಗಲಿ, ಸುರಪುರದ ಗುಡ್ಡಗಳ ಇಳಿಜಾರಿನಲ್ಲಾಗಲಿ ಬೈಸಿಕಲ್ಲು ಎರಡು ಮೀಟರು ಮುಂದೆ ಹೋಗಿ ನಿಂತರೆ ಅದರ ಫಲವೇನೆಂಬುದನ್ನು ವಾಚಕರೇ ಊಹಿಸಬಹುದು.

ಸ್ವಿಚ್ಚಿನ ಬಗೆಗಳು

ಮೊದಲನೆಯದು ಎರಡು ತಂತಿಗಳ ಸಾಧಾರಣ ಸ್ವಿಚ್ಚು. ಹಿಡಿಯನ್ನು ಅದುಮಿದಾಗ ತಂತಿಗಳೆರಡೂ ಕೂಡುತ್ತವೆ. ಎರಡನೆಯದು ಅಯಸ್ಕಾಂತದಿಂದ ನಡೆಯುವ ಮೂರು ತಂತಿಗಳ ಹಾಲ್ ಸಂವೇದಕ. ಇದರ ಒಂದು ತಂತಿಯಲ್ಲಿ ಕಂಟ್ರೋಲರಿನಿಂದ ಬರುವ ಅಲ್ಪ ವೋಲ್ಟಿನ ವಿದ್ಯುತ್ತು ಇರುತ್ತದೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಮನಬಂದಂತೆ ಜೋಡಿಸಲಾಗದು. ತಯಾರಕರು ಕೊಟ್ಟ ತಂತಿಗಳ ನಕ್ಷೆಯನ್ನು ನೋಡಿಯೇ ಕೂಡಿಸತಕ್ಕದ್ದು. ಮುಂದಿನ ಮತ್ತು ಹಿಂದಿನ ಬ್ರೇಕುಗಳೆರಡಕ್ಕೂ ಸ್ವಿಚ್ಚು ಇರಬೇಕು. ಯಾವುದೊಂದನ್ನು ಅದುಮಿದರೂ ಮೋಟಾರು ನಿಲ್ಲಬೇಕು.

ಕಂಬಿಬ್ರೇಕಿನ ಬೈಸಿಕಲ್ಲು

ಹಳ್ಳಿಗಳಲ್ಲಿರುವ ಹಳೆಯ ಮಾದರಿಯ ಭಾರೀ ಬೈಸಿಕಲ್ಲುಗಳಲ್ಲಿ ಬ್ರೇಕು ಕಬ್ಬಿಣದ ಕಂಬಿಗಳಿಂದ ನಡೆಯುತ್ತದೆ. ಸಾಮಗ್ರಿಯೊಡನೆ ಬರುವ ಹಿಡಿಗಳಾದರೋ ತಂತಿಯ ಬ್ರೇಕಿಗಾಗಿ ಮಾಡಿದವು. ಇವು ಅವಕ್ಕೆ ಹೊಂದುವುದಿಲ್ಲ. ಇದೇ ನೆಪದಿಂದ ಸ್ವಿಚ್ಚನ್ನು ಕೈಬಿಡುವುದು ಸರ್ವಥಾ ಕೂಡದು. ಅಯಸ್ಕಾಂತದ ತುಂಡೊಂದನ್ನು ಚಲಿಸುವ ಕಂಬಿಗೂ ಸಂವೇದಕವನ್ನು ಚಲಿಸದ ಭಾಗಕ್ಕೂ ಭದ್ರವಾಗಿ ಕೂಡಿಸುವ ಬಗೆಯ ಸ್ವಿಚ್ಚು ಪ್ರತ್ಯೇಕವಾಗಿ ದೊರೆಯುತ್ತದೆ, ಅದನ್ನು ಬಳಸಬಹುದು.

ಇನ್ನೊಂದು ಮಾತನ್ನು ಗಮನದಲ್ಲಿಡಬೇಕು. ಕಂಬಿಬ್ರೇಕಿನ ರಬ್ಬರು ರಿಮ್ಮಿನ ಒಳಮೈಯನ್ನು ಒತ್ತುತ್ತದೆ; ಮೋಟಾರಿನೊಡನೆ ಬರುವ ರಿಮ್ಮು ಸಾಮಾನ್ಯವಾಗಿ ಪಕ್ಕದಿಂದ ಒತ್ತುವ ಬ್ರೇಕಿಗಾಗಿ ಮಾಡಿದ್ದು. ಆದಕಾರಣ ಮೋಟಾರನ್ನು ಹಳೆಯ ರಿಮ್ಮಿಗೆ ಕಡ್ಡಿ ಹಾಕಿಸಿಕೊಳ್ಳಬೇಕು, ಇಲ್ಲವೆ ಹೊಸ ರಿಮ್ಮಿಗೆ ಒಪ್ಪುವ ಬ್ರೇಕನ್ನು ಹಾಕಿಸಬೇಕು. ಒಂದು ಬ್ರೇಕನ್ನು ತೆಗೆದುಹಾಕಿ ಒಂದರಲ್ಲಿಯೇ ನಡೆಸುವುದು ಅಪಾಯಕರ.

ಕಾಣದಂತೆ ಕೆಡುವ ಭಾಗ

ಸಾಮಾನ್ಯವಾಗಿ ಎರಡು ತಂತಿಗಳ ಸ್ವಿಚ್ಚು ಅದುಮದಿರುವಾಗ ತೆರೆದೇ ಇರುತ್ತದೆ. ಆದ್ದರಿಂದ ಅದರ ತಂತಿಯು ಕಡಿದುಹೋದರೂ ಮೋಟಾರು ಎಂದಿನಂತೆಯೇ ಓಡುತ್ತಿರುವುದು. ರಕ್ಷಣೆಯು ತಪ್ಪಿಹೋದುದು ಸವಾರನಿಗೆ ತಿಳಿಯುವುದೇ ಇಲ್ಲ. ಇದಕ್ಕೆ ವಿರುದ್ಧವಾಗಿ, ನೀರು ಹೊಕ್ಕು ಅಥವಾ ಹಿಡಿಯು ಬಾಗಿ ಸ್ವಿಚ್ಚು ಮುಚ್ಚಿದಂತೆಯೇ ನಿಂತರೆ ಮೋಟಾರು ಹೊರಡುವುದಿಲ್ಲ. ಆಗ ರಿಪೇರಿಯವನು ಸ್ವಿಚ್ಚಿನ ತಂತಿಯನ್ನು ಕಿತ್ತುಬಿಟ್ಟರೆ ಮೋಟಾರು ಓಡುತ್ತದೆ. ಮಾಲೀಕನು ಕೆಲಸವಾಯಿತೆಂದು ಸಂತೋಷಪಡುತ್ತಾನೆ. ಅದು ರಿಪೇರಿಯಲ್ಲ, ರಕ್ಷಣೆಯನ್ನೇ ತೆಗೆದುಹಾಕಿದಂತೆ. ಕೆಟ್ಟ ಸ್ವಿಚ್ಚನ್ನು ಬದಲಿಸತಕ್ಕದ್ದೇ ಹೊರತು ಕೀಳತಕ್ಕದ್ದಲ್ಲ.

ಪರೀಕ್ಷಿಸುವ ಕ್ರಮ

1. ಬೈಸಿಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮೋಟಾರಿನ ಗಾಲಿಯು ನೆಲಕ್ಕೆ ತಾಗದಂತೆ ಮಾಡಬೇಕು. ಮಕ್ಕಳನ್ನೂ ಸಡಿಲವಾದ ಬಟ್ಟೆಯನ್ನೂ ಗಾಲಿಯಿಂದ ದೂರವಿಡಬೇಕು.

2. ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತ ಬಲಗಡೆಯ ಹಿಡಿಯನ್ನು ಮಾತ್ರ ಅದುಮಬೇಕು. ಮೋಟಾರು ಒಡನೆಯೇ ತಳ್ಳುವುದನ್ನು ಬಿಡಬೇಕು. ಬಳಿಕ ಎಡಗಡೆಯದನ್ನು ಇದೇ ರೀತಿ ನೋಡಬೇಕು. ಎರಡನ್ನೂ ಒಟ್ಟಿಗೆ ಅದುಮಿದರೆ ಕೆಟ್ಟ ಸ್ವಿಚ್ಚು ಬಯಲಾಗುವುದಿಲ್ಲ.

3. ಹಿಡಿಯು ಸ್ವಲ್ಪ ಸರಿದಾಗಲೇ, ಅಂದರೆ ರಬ್ಬರು ರಿಮ್ಮನ್ನು ಮುಟ್ಟುವ ಮೊದಲೇ, ಮೋಟಾರು ನಿಲ್ಲಬೇಕು. ತಡವಾದರೆ ಅಯಸ್ಕಾಂತದ ಅಂತರವನ್ನು ಸರಿಪಡಿಸಬೇಕು.

4. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿಯಾಗಿ ತಿರುಗಿಸಿ ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ತಂತಿಯು ಬಿಗಿಯಾಗಿ ಎಳೆಯಲ್ಪಟ್ಟಿದ್ದರೆ ಇಲ್ಲಿ ಗೊತ್ತಾಗುವುದು.

5. ಮುಖ್ಯ ಸ್ವಿಚ್ಚು ಸವಾರನ ಕೈಗೆ ಸುಲಭವಾಗಿ ಎಟಕುವಂತಿರಬೇಕು.

ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ದಿನವೂ ಹೊರಡುವ ಮುನ್ನವೂ, ಮಳೆಯಲ್ಲಿ ನೆನೆದ ಮೇಲೂ, ಬೈಸಿಕಲ್ಲು ಬಿದ್ದೆದ್ದ ಮೇಲೂ, ರಿಪೇರಿಯಿಂದ ಬಂದ ದಿನವೂ ತಪ್ಪದೆ ಮಾಡತಕ್ಕದ್ದು.

ಕಾನೂನಿನ ವಿಷಯ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಪೆಡಲಿಗೆ ನೆರವಾಗುವ ಮೋಟಾರಿನ ಮೂವತ್ತು ನಿಮಿಷದ ಶಕ್ತಿಯು 0.25 ಕಿಲೋವ್ಯಾಟಿಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿಲೋಮೀಟರು ಮುಟ್ಟಿದಾಗ ಅಥವಾ ಅದಕ್ಕೂ ಮುಂಚೆ ತುಳಿಯುವುದು ನಿಂತಾಗ ಅದರ ನೆರವು ಕಡಿದುಹೋಗಬೇಕು. ಬ್ಯಾಟರಿಯನ್ನು ಬಿಟ್ಟು ವಾಹನದ ತೂಕವು 60 ಕಿಲೋ ಮೀರಬಾರದು. ತಕ್ಕ ಬ್ರೇಕುಗಳೂ, ಮುಂದೆ ಬಿಳಿಯ ಹಾಗೂ ಹಿಂದೆ ಕೆಂಪು ಪ್ರತಿಫಲಕಗಳೂ ಇರಬೇಕು. ಈ ಷರತ್ತುಗಳನ್ನು ಅಧಿಕೃತ ಪರೀಕ್ಷಾ ಸಂಸ್ಥೆಯು ಪರಿಶೀಲಿಸಿ ಒಪ್ಪಿದ್ದರೆ ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಆದ್ದರಿಂದ ಸಾಮಗ್ರಿಯನ್ನು ಕೊಳ್ಳುವಾಗ ಅಂಥ ಪ್ರಮಾಣಪತ್ರವನ್ನು ಕೇಳಿ ನೋಡುವುದು ಯುಕ್ತ.

ಗ್ರಾಮದ ಹಿರಿಯರಲ್ಲಿ ವಿಜ್ಞಾಪನೆ

ಭೂಮಾಲೀಕರು ಇಂಥ ಬೈಸಿಕಲ್ಲನ್ನು ತಮ್ಮ ಆಳುಗಳಿಗೂ ಮನೆಯ ಹುಡುಗರಿಗೂ ಕೊಡುತ್ತಾರೆ. ಹತ್ತುವವನಿಗೆ ಸ್ವಿಚ್ಚಿನ ಸ್ಥಿತಿಯು ತಿಳಿದಿರುವುದಿಲ್ಲ. ಕೊಡುವವರೇ ಅದನ್ನು ನೋಡಿ ಕೊಡಬೇಕು. ಗ್ರಾಮದ ಗೌಡರೂ ಹಿರಿಯರೂ ಊರಿನ ಸೈಕಲ್ ರಿಪೇರಿಯವರನ್ನು ಕರೆದು, ಸ್ವಿಚ್ಚಿನ ತಂತಿಯನ್ನು ಕಿತ್ತು ಬೈಸಿಕಲ್ಲನ್ನು ಹಿಂದಿರುಗಿಸಕೂಡದೆಂದು ತಿಳಿಯಹೇಳಿ, ಮೇಲಣ ಪರೀಕ್ಷೆಯನ್ನು ಒಮ್ಮೆ ಚಾವಡಿಯ ಮುಂದೆ ಎಲ್ಲರೆದುರು ಮಾಡಿಸಿ ತೋರಿಸಿದರೆ ರೈತವರ್ಗಕ್ಕೆ ಮಹದುಪಕಾರವಾಗುವುದು.